ತುಕ್ಕು, ಸವಕಳಿ ಮತ್ತು ಮನೆಯಂಗಳದ ದುರಸ್ತಿ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ಪರಿಚಯವಾಗುವ ಪದಗಳಲ್ಲಿ ‘ಸವಕಳಿ’ಯೂ ಒಂದು. ಆಸ್ತಿಯು ದುಡಿದಂತೆಲ್ಲ ಸವೆಯುತ್ತದೆ. ಸವೆದಷ್ಟನ್ನು ವರ್ಷ ವರ್ಷವೂ ಲಾಭದಿಂದ ಕಳೆಯಬೇಕು ಎಂಬುದು ಅದರ ಹಿಂದಿರುವ ತತ್ತ್ವ. ಆದರೆ ಕರಾವಳಿಯಲ್ಲಿ ಸರಕು ವಾಹನ ಇಟ್ಟುಕೊಂಡವರಿಗೆ ಈ ಪದವು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಟೈರು, ಕ್ಲಚ್ಚು, ಪಿಸ್ಟನ್ನುಗಳು ಓಡಿದ್ದರಿಂದ ಸವೆಯುತ್ತವೆ. ಕ್ಯಾಬಿನ್ನಿನ ತಳ, ಬಾಗಿಲಿನ ಕೆಳಅಂಚು, ಮಡ್‌ಗಾರ್ಡು, ಬಾಡಿಯ ಅಡಿಪಟ್ಟಿಗಳು ಓಡಿದರೂ ಹಾಳಾಗುತ್ತವೆ, ನಿಂತರೆ ಇನ್ನೂ ಬೇಗ ಹಾಳಾಗುತ್ತವೆ. ಸವಕಳಿಗೆ ಕಾಯಿದೆಯಲ್ಲಿ ದರವಿದೆ, ಲೆಕ್ಕದಲ್ಲಿ ಖಾತೆಯಿದೆ. ತುಕ್ಕಿಗೆ ಎರಡೂ ಇಲ್ಲ. ನಮ್ಮ ಸದಸ್ಯರಲ್ಲಿ ಅನೇಕರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಚಾಲಕನ ಕಾಲು ಕ್ಯಾಬಿನ್ನಿನ ತಳದಿಂದ ರಸ್ತೆಗೆ ಕಾಣಿಸತೊಡಗಿದ ಮೇಲೆಯೇ.

ಈ ಲೇಖನದ ವಿಷಯ ದೊಡ್ಡ ಸಾರಿಗೆ ಸಂಸ್ಥೆಗಳಲ್ಲ. ಅವರಿಗೆ ತಮ್ಮದೇ ಕಾರ್ಯಾಗಾರಗಳಿವೆ, ವಾಹನ ಬದಲಿಸುವ ನಿಗದಿತ ಅವಧಿಯಿದೆ. ಒಂದೋ ಎರಡೋ ಹಳೆಯ ಲಾರಿ ಅಥವಾ ಟೆಂಪೊ ಇಟ್ಟುಕೊಂಡು ಮೀನು, ಹೆಂಚು, ಸಿಮೆಂಟು, ದಿನಸಿ ಸಾಗಿಸುವ ಚಿಕ್ಕ ವ್ಯಾಪಾರಿಗಳು ನನ್ನ ಗಮನದಲ್ಲಿದ್ದಾರೆ. 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407 ಇಂಥವರ ಜೀವನಾಧಾರವಾಗಿ ಬೆಳೆದ ವಾಹನ. ಹದಿನೈದು ವರ್ಷ ಕಳೆದರೂ ಎಂಜಿನ್ನು ಗಟ್ಟಿಯಾಗಿರುತ್ತದೆ, ತಗಡು ಮಾತ್ರ ಶರಣಾಗಿರುತ್ತದೆ. ಇಂಥ ವಾಹನವನ್ನು ಗ್ಯಾರೇಜಿಗೆ ಬಿಡದೆ, ಮನೆಯಂಗಳದಲ್ಲೇ ನಿಲ್ಲಿಸಿ, ಒಬ್ಬ ವೆಲ್ಡರನನ್ನು ಕರೆಸಿ, ಮಿಕ್ಕ ಕೆಲಸವನ್ನು ತಾವೇ ಮಾಡಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಈ ರೂಢಿಯನ್ನು ಕೆಲವರು ಜಿಪುಣತನವೆನ್ನುತ್ತಾರೆ. ನಾನು ಹಾಗೆನ್ನಲಾರೆ. ಆದರೆ ‘ಮನೆಯಲ್ಲೇ ಮಾಡಿದರೆ ಖರ್ಚಿಲ್ಲ’ ಎಂಬ ಮಾತನ್ನೂ ಲೆಕ್ಕಪರಿಶೋಧಕನಾಗಿ ಒಪ್ಪಲಾರೆ.

ಮೊದಲು ಶತ್ರುವಿನ ಸ್ವಭಾವ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಗುಲಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ನಮ್ಮ ಕರಾವಳಿ ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ, ಜೊತೆಗೆ ಕಡಲ ಗಾಳಿ. ಮೀನು ಲಾರಿಗಳ ಪಾಡಂತೂ ಕೇಳುವುದೇ ಬೇಡ. ಕರಗಿದ ಮಂಜುಗಡ್ಡೆಯ ಉಪ್ಪುನೀರು ದಿನವೂ ಬಾಡಿಯ ಸಂದುಗಳಿಂದ ಇಳಿದು ಅಡ್ಡಪಟ್ಟಿಗಳ ಮೇಲೆ, ಚಾಸಿಯ ಮೇಲೆ, ಬ್ರೇಕಿನ ಕೊಳವೆಗಳ ಮೇಲೆ ಹರಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಎರಡು ತಗಡು ಕೂಡುವ ಸಂದಿನಲ್ಲಿ ಒಮ್ಮೆ ಹೊಕ್ಕರೆ ಅವುಗಳನ್ನು ಒಳಗಿನಿಂದಲೇ ಉಬ್ಬಿಸಿ ಬಿಡಿಸುತ್ತದೆ. ಹೊರಗಿನ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸಿತೆಂದರೆ ಒಳಗೆ ಅಂಗೈಯಗಲ ಹೋಗಿದೆಯೆಂದೇ ತಿಳಿಯಬೇಕು. ಬಾಗಿಲಿನ ಕೆಳಗೆ ನೀರಿಳಿಯಲೆಂದು ತಯಾರಕರು ಬಿಟ್ಟಿರುವ ಸಣ್ಣ ತೂತುಗಳು ಕೆಸರಿನಿಂದ ಮುಚ್ಚಿಹೋಗಿರುವುದನ್ನು ಎಷ್ಟೋ ವಾಹನಗಳಲ್ಲಿ ಕಾಣಬಹುದು. ಒಂದು ತುಂಡು ತಂತಿಯಿಂದ, ಎರಡು ನಿಮಿಷದಲ್ಲಿ ತಪ್ಪಿಸಬಹುದಾದ ನಷ್ಟವಿದು.

ಮನೆಯಂಗಳದಲ್ಲಿ ಯಾವ ಕೆಲಸ ತಕ್ಕುದು, ಯಾವುದು ತಕ್ಕುದಲ್ಲ ಎಂಬ ವಿಚಾರದಲ್ಲಿ ನಾನು ಪರಿಣತನಲ್ಲ. ಆದರೆ ಮೂವತ್ತು ವರ್ಷಗಳಿಂದ ಲಾರಿಯೊಡೆಯರ ಲೆಕ್ಕ ನೋಡುತ್ತಾ, ಅವರ ಬಿಲ್ಲುಗಳ ಜೊತೆಗೆ ಅವರ ಮಾತನ್ನೂ ಕೇಳುತ್ತಾ ಬಂದಿದ್ದೇನೆ. ಕ್ಯಾಬಿನ್ನಿನ ತಳ, ಫುಟ್‌ಬೋರ್ಡು, ಮಡ್‌ಗಾರ್ಡು, ಬಾಗಿಲಿನ ತಗಡು, ಬಾಡಿಯ ಹೊರ ಹಲಗೆ ಮತ್ತು ಪಟ್ಟಿ, ಇಷ್ಟನ್ನು ಕೈ ಪಳಗಿದವರು ಮನೆಯಲ್ಲಿ ಮಾಡಿಕೊಳ್ಳಬಹುದು. ಹಾಳಾದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು, ಹದಿನೆಂಟು ಗೇಜಿನ ಹೊಸ ತಗಡನ್ನು ಅಳತೆಗೆ ಕೊರೆದು ಬೆಸೆಯಬೇಕು, ಸುತ್ತಲ ತುಕ್ಕನ್ನು ತಂತಿ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಲೋಹ ಹೊಳೆಯುವವರೆಗೆ ಉಜ್ಜಬೇಕು, ಉಜ್ಜಿದ ದಿನವೇ ಪ್ರೈಮರ್ ಬಳಿಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ಬಿಚ್ಚುವುದು, ಡೀಸೆಲ್ ಟ್ಯಾಂಕಿನ ಮತ್ತು ಬ್ರೇಕ್ ಕೊಳವೆಗಳ ಬಳಿ ಕಿಡಿ ಹಾರದಂತೆ ನೋಡಿಕೊಳ್ಳುವುದು, ಸತುವಿನ ಲೇಪವಿರುವ ತಗಡನ್ನು ಬೆಸೆಯುವಾಗ ಏಳುವ ಹೊಗೆಯನ್ನು ಉಸಿರಾಡದಿರುವುದು, ಇವು ಬಲ್ಲವರೂ ಅವಸರದಲ್ಲಿ ಮರೆಯುವ ಸಂಗತಿಗಳು.

ಚಾಸಿಯ ಉದ್ದನೆಯ ದೂಲಗಳು, ಪಾಟಾ ನೇತುಹಾಕುವ ಬ್ರಾಕೆಟ್ಟುಗಳು, ಸ್ಟಿಯರಿಂಗು, ಬ್ರೇಕಿನ ಕೊಳವೆಗಳು ಮಾತ್ರ ಮನೆಯಂಗಳದ ಕೆಲಸವಲ್ಲ. ಚಾಸಿಯ ಅಂಚುಗಳ ಮೇಲೆ ಬೆಸುಗೆ ಹಾಕಿದರೆ ಆ ಜಾಗದ ಉಕ್ಕು ಶಾಖಕ್ಕೆ ಬಲ ಕಳೆದುಕೊಂಡು, ಮುಂದೆ ಹೊರೆ ಬಿದ್ದಾಗ ಅಲ್ಲಿಯೇ ಸೀಳಬಹುದು. ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಚಾಸಿಯ ಮೇಲೆ ಕೆತ್ತಿರುವ ಸಂಖ್ಯೆಯ ಜಾಗಕ್ಕೂ ತುಕ್ಕು ಬರುತ್ತದೆ. ಅಲ್ಲಿ ಗ್ರೈಂಡರ್ ಆಡಿಸಿ ನಯ ಮಾಡಿದರೆ ಅಥವಾ ಮಸುಕಾದ ಅಂಕಿಗಳನ್ನು ತಾನೇ ಮತ್ತೆ ಕೆತ್ತಿಸಿದರೆ ಪ್ರಾಮಾಣಿಕ ಒಡೆಯನೂ ಕಳವಿನ ವಾಹನದ ಸಂಶಯಕ್ಕೆ ಗುರಿಯಾಗುತ್ತಾನೆ. ಅಂಕಿ ಅಳಿಸುವ ಸ್ಥಿತಿಗೆ ಬಂದಿದ್ದರೆ ಸಾರಿಗೆ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಅನುಮತಿ ಪಡೆದು ಮರುಕೆತ್ತಿಸಬೇಕು.

ಮುಚ್ಚಿಹಾಕುವ ದುರಸ್ತಿಯೂ ಉಂಟು. ತುಕ್ಕನ್ನು ಕೆರೆಯದೆ ಅದರ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಎಫ್‌.ಸಿ. ಮಾಡಿಸಿ, ಮೂರು ತಿಂಗಳೊಳಗೆ ಮಾರಿಬಿಡುವುದು. ಕೊಂಡವನು ಮೊದಲ ಮಳೆಗಾಲದಲ್ಲಿ ಸತ್ಯವನ್ನು ಕಾಣುತ್ತಾನೆ. ಲೆಕ್ಕಪತ್ರಗಳಲ್ಲಿಯೂ ಇಂಥ ಪುಟ್ಟಿ ಕೆಲಸವಿದೆ. ಬಾರದ ಸಾಲವನ್ನು ಬರುವ ಸಾಲವೆಂದು ತೋರಿಸುವುದು, ಮಾರಾಟವಾಗದ ದಾಸ್ತಾನಿಗೆ ಪೂರ್ಣ ಬೆಲೆ ಕಟ್ಟುವುದು ಅದೇ ಜಾತಿಗೆ ಸೇರಿದ್ದು. ಅಲ್ಲಿ ನಾವು ಕೇವಲ ಹಣ ಕಳೆದುಕೊಳ್ಳುತ್ತೇವೆ. ಇಲ್ಲಿ ಆ ಕ್ಯಾಬಿನ್ನಿನಲ್ಲಿ ಒಬ್ಬ ಚಾಲಕ ಕುಳಿತಿರುತ್ತಾನೆ.

ಇನ್ನು ಖರ್ಚಿನ ಮಾತು. ಅಂಕಿಗಳು ಕೇವಲ ಉದಾಹರಣೆಗೆ; ತತ್ತ್ವವನ್ನು ಗಮನಿಸಿ. ಒಂದು 407ರ ಕ್ಯಾಬಿನ್ ತಳ ಮತ್ತು ಬಾಗಿಲುಗಳ ಕೆಲಸಕ್ಕೆ ಗ್ಯಾರೇಜಿನವರು 32,000 ರೂಪಾಯಿ ಕೇಳಿದರೆಂದೂ, ಐದು ದಿನದ ಅವಧಿ ಹೇಳಿದರೆಂದೂ ಇಟ್ಟುಕೊಳ್ಳೋಣ. ಮನೆಯಲ್ಲಿ ತಗಡು, ವೆಲ್ಡಿಂಗ್ ಕಡ್ಡಿ, ಪ್ರೈಮರ್, ಬಣ್ಣಕ್ಕೆ 9,000, ವೆಲ್ಡರನಿಗೆ ಮೂರು ದಿನದ ಕೂಲಿ 4,500, ಒಟ್ಟು 13,500. ಉಳಿತಾಯ 18,500 ಎಂದು ಒಡೆಯ ಹಿಗ್ಗುತ್ತಾನೆ. ಆದರೆ ಮನೆಯ ಕೆಲಸ ಹನ್ನೆರಡು ದಿನ ಹಿಡಿಯಿತು, ಅಂದರೆ ಏಳು ದಿನ ಹೆಚ್ಚು. ಡೀಸೆಲು, ಚಾಲಕನ ಬತ್ತೆ ಕಳೆದು ದಿನಕ್ಕೆ 2,500 ಉಳಿಯುವ ವಾಹನವಾದರೆ ಏಳು ದಿನಕ್ಕೆ 17,500 ಹೋಯಿತು. ಉಳಿದದ್ದು 1,000 ರೂಪಾಯಿ. ಒಡೆಯನ ಹನ್ನೆರಡು ದಿನದ ಸ್ವಂತ ದುಡಿಮೆಗೆ ಇದರಲ್ಲಿ ಒಂದು ಕಾಸೂ ಹಿಡಿದಿಲ್ಲ. ಇದೇ ಕೆಲಸವನ್ನು ಬಾಡಿಗೆ ಇಲ್ಲದ ದಿನಗಳಲ್ಲಿ ಮಾಡಿದ್ದರೆ 18,500 ಪೂರ್ತಿ ಉಳಿಯುತ್ತಿತ್ತು. ಆದ್ದರಿಂದ ಮನೆಯಲ್ಲೋ ಗ್ಯಾರೇಜಿನಲ್ಲೋ ಎಂಬುದಕ್ಕಿಂತ ಯಾವ ತಿಂಗಳಲ್ಲಿ ಎಂಬುದೇ ಲಾಭ-ನಷ್ಟವನ್ನು ನಿರ್ಧರಿಸುತ್ತದೆ.

ನಮ್ಮ ಕರಾವಳಿಯ ಇಕ್ಕಟ್ಟು ಇರುವುದು ಇಲ್ಲಿಯೇ. ಮೀನು ಸಾಗಣೆಯ ವಾಹನಗಳಿಗೆ ಬಿಡುವು ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ. ಲಾರಿ ಹೇಗೂ ನಿಂತಿದೆ, ಚಾಲಕನೂ ಮನೆಯಲ್ಲಿದ್ದಾನೆ. ಆದರೆ ಅದೇ ಎರಡು ತಿಂಗಳು ಮುಂಗಾರಿನ ಅಬ್ಬರದ ಕಾಲ. ಬೆಳಿಗ್ಗೆ ಉಜ್ಜಿ ಹೊಳೆಯಿಸಿದ ತಗಡು ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ, ತೇವದ ಮೇಲೆ ಬಳಿದ ಬಣ್ಣ ಹಿಡಿಯುವುದಿಲ್ಲ. ಒಣ ಹವೆಯ ಏಪ್ರಿಲ್-ಮೇ ತಿಂಗಳುಗಳು ಕೆಲಸಕ್ಕೆ ಉತ್ತಮ. ಆಗ ವಾಹನವನ್ನು ನಿಲ್ಲಿಸಲು ಯಾರೂ ಸಿದ್ಧರಿಲ್ಲ. ಅನುಭವಸ್ಥರು ಕಂಡುಕೊಂಡ ದಾರಿಯೆಂದರೆ ಒಮ್ಮೆಗೇ ಇಡೀ ಕ್ಯಾಬಿನ್ ಬಿಚ್ಚದೆ, ಸೂರಿನಡಿ, ಆ ದಿನ ಪ್ರೈಮರ್ ಬಳಿಯಲು ಸಾಧ್ಯವಾಗುವಷ್ಟು ಜಾಗವನ್ನು ಮಾತ್ರ ಉಜ್ಜುವುದು. ಸೂರಿಲ್ಲದವರು ಟಾರ್ಪಾಲಿನ ಕೆಳಗೆ ಒದ್ದಾಡುತ್ತಾರೆ. ಹಳೆಯ ಎಂಜಿನ್ ಆಯಿಲನ್ನು ಅಡಿಭಾಗಕ್ಕೆ ಬಳಿಯುವ ಪದ್ಧತಿಯೂ ಈ ಒದ್ದಾಟದಿಂದಲೇ ಹುಟ್ಟಿದ್ದು. ಅದರಿಂದ ತಾತ್ಕಾಲಿಕ ರಕ್ಷಣೆ ಸಿಗುವುದು ನಿಜ. ಆದರೆ ರಬ್ಬರಿನ ಬುಷ್ಷುಗಳು ಕೆಡುತ್ತವೆ, ಮಳೆಗೆ ತೊಳೆದು ಹೋದ ಎಣ್ಣೆ ನೆರೆಯ ಬಾವಿಯನ್ನು ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆಯೆಂಬುದು ಅನೇಕರಿಗೆ ತಿಳಿದಿಲ್ಲ.

ಈಗ ನನ್ನ ವೃತ್ತಿಗೆ ಸೇರಿದ ಪ್ರಶ್ನೆ. ಬಾಡಿಗೆಗೆ ಓಡುವ ಲಾರಿಗೆ ಆದಾಯ ತೆರಿಗೆಯಲ್ಲಿ ಸವಕಳಿ ದರ ಶೇ. 30, ಸ್ವಂತ ಸರಕಿಗಷ್ಟೇ ಬಳಸಿದರೆ ಶೇ. 15. ಹತ್ತು ಲಕ್ಷಕ್ಕೆ ಕೊಂಡ ಬಾಡಿಗೆ ಲಾರಿಯ ಪುಸ್ತಕ ಮೌಲ್ಯ ಹತ್ತು ವರ್ಷದ ಕೊನೆಗೆ 28,248 ರೂಪಾಯಿ, ಹದಿನೈದು ವರ್ಷದ ಕೊನೆಗೆ 4,748 ರೂಪಾಯಿ. ಪುಸ್ತಕದಲ್ಲಿ ಐದು ಸಾವಿರವೂ ಇಲ್ಲದ ಆಸ್ತಿಗೆ ಅರುವತ್ತು ಸಾವಿರದ ದುರಸ್ತಿ ಎಂದಾಗ ಇದು ರಾಜಸ್ವ ವೆಚ್ಚವೋ ಬಂಡವಾಳ ವೆಚ್ಚವೋ ಎಂದು ತೆರಿಗೆ ಅಧಿಕಾರಿ ಕೇಳುವುದು ಸಹಜ. ಪುಸ್ತಕ ಮೌಲ್ಯಕ್ಕೂ ದುರಸ್ತಿಯ ಮೊತ್ತಕ್ಕೂ ಇರುವ ಅನುಪಾತ ಇಲ್ಲಿ ಮಾನದಂಡವಲ್ಲ. ಇರುವ ಆಸ್ತಿಯನ್ನು ಉಳಿಸಿಕೊಳ್ಳಲು ಮಾಡಿದ ವೆಚ್ಚವೇ, ಅಥವಾ ಹೊಸ ಆಸ್ತಿಯೊಂದನ್ನು, ಹೊಸ ಅನುಕೂಲವೊಂದನ್ನು ತಂದುಕೊಂಡ ವೆಚ್ಚವೇ ಎಂಬುದು ಮಾನದಂಡ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿಯೂ, ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ‘ಚಾಲ್ತಿ ದುರಸ್ತಿ’ಯನ್ನು ಈ ತಕ್ಕಡಿಯಲ್ಲಿಯೇ ತೂಗಿತು. ತುಕ್ಕು ಹಿಡಿದ ತಳವನ್ನು ಕೊರೆದು ಹೊಸ ತಗಡು ಹಾಕಿದರೆ ಲಾರಿ ಅದೇ ಲಾರಿ. ಆ ವೆಚ್ಚ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಸಾದಾ ಬಾಡಿಯನ್ನು ತೆಗೆದು ಶೀತಲ ಪೆಟ್ಟಿಗೆ ಕಟ್ಟಿಸಿದರೆ ಅದು ಬಂಡವಾಳ ವೆಚ್ಚ. ಅದಕ್ಕೆ ಸಾರಿಗೆ ಕಚೇರಿಯ ಅನುಮತಿಯೂ ಬೇಕು. ಇವೆರಡರ ನಡುವೆ ಇರುವ, ಐದಾರು ವರ್ಷ ಕೈಕಟ್ಟಿ ಕುಳಿತು ಒಮ್ಮೆಲೇ ಮಾಡಿಸಿದ ಭಾರೀ ನವೀಕರಣವೇ ತಕರಾರಿಗೆ ಎಡೆಮಾಡುವುದು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಮಾಡಿದವನಿಗೆ ತಗಡೂ ಉಳಿಯುತ್ತದೆ, ವಾದವೂ ಉಳಿಯುತ್ತದೆ. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆಂದು ರೂಪಿಸಿದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ; ಈ ತತ್ತ್ವ ಬದಲಾಗಿಲ್ಲ.

ಒಡೆಯನು ತನ್ನ ದುಡಿಮೆಗೆ ತಾನೇ ಕೂಲಿ ಬರೆದುಕೊಳ್ಳುವಂತಿಲ್ಲ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆಯಿಲ್ಲ. ಸಾರಿಗೆದಾರರಿಗೆ ಬಾಡಿಗೆಯಾಗಿ ಕೊಡುವ ಹಣಕ್ಕೆ ಇರುವ 35,000ದ ಮಿತಿ ವೆಲ್ಡರನ ಕೂಲಿಗೆ ಅನ್ವಯಿಸದು. ತಗಡಿನಂಗಡಿಯ ಬಿಲ್ಲು, ಕೂಲಿಯ ಸಹಿ ಮಾಡಿದ ಚೀಟಿ, ಕೆಲಸಕ್ಕೆ ಮುಂಚಿನ ಮತ್ತು ನಂತರದ ನಾಲ್ಕು ಫೋಟೋ, ಇಷ್ಟಿದ್ದರೆ ಸಾಕು. ಮೊಬೈಲು ಎಲ್ಲರ ಕೈಯಲ್ಲೂ ಇರುವ ಈ ಕಾಲದಲ್ಲಿ ಇದಕ್ಕೂ ಸೋಮಾರಿತನವೇಕೆಂದು ನನಗೆ ತಿಳಿಯದು.

ಚಿಕ್ಕ ಒಡೆಯರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ‘ನಾವು ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ವಿವರ ಸಲ್ಲಿಸುವವರು, ನಮಗೇಕೆ ಈ ಲೆಕ್ಕ?’ ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರಿಗೆ ಈ ಪದ್ಧತಿಯಿದೆ. 12 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ಭಾರೀ ವಾಹನಕ್ಕೆ ಟನ್ನಿಗೆ ತಿಂಗಳಿಗೆ 1,000, ಇತರ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಭಾವಿಸಲಾಗುತ್ತದೆ. ಸವಕಳಿ, ದುರಸ್ತಿ ಎಲ್ಲವೂ ಅದರಲ್ಲೇ ಕಳೆದಂತೆ ಲೆಕ್ಕ. ವಾಹನ ಓಡಿದ ತಿಂಗಳಲ್ಲ, ಒಡೆತನದಲ್ಲಿದ್ದ ತಿಂಗಳು ಎಣಿಕೆಗೆ ಬರುವುದರಿಂದ ನಿಷೇಧದ ಎರಡು ತಿಂಗಳು ಅಂಗಳದಲ್ಲಿ ನಿಂತು ದುರಸ್ತಿಯಾಗುತ್ತಿದ್ದ 407 ಕೂಡ ಕಾಯಿದೆಯ ಕಣ್ಣಿಗೆ 15,000 ರೂಪಾಯಿ ಗಳಿಸಿದಂತೆಯೇ. ಇದು ಅನ್ಯಾಯವೆಂದು ನನ್ನ ಅಭಿಪ್ರಾಯ. ಹಾಗೆಂದು ಇದನ್ನು ದೊಡ್ಡದು ಮಾಡಲಾರೆ. 2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ವ್ಯಕ್ತಿಗಳು ತೆರಿಗೆ ಕಟ್ಟಬೇಕಾಗಿಲ್ಲವಾದ್ದರಿಂದ ಒಂದೆರಡು ಲಾರಿಯ ಒಡೆಯನಿಗೆ ತೆರಿಗೆಯ ಹೊರೆ ಇಲ್ಲವೆಂದೇ ಹೇಳಬೇಕು.

ಆದರೆ ಅವನು ಹೊಸ ವಾಹನಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದ ದಿನ ಬೇರೊಂದು ಹೊರೆ ಎದುರಾಗುತ್ತದೆ. ವಾರ್ಷಿಕ ಆದಾಯ 90,000 ಎಂದು ತಾನೇ ಬರೆದುಕೊಟ್ಟ ಕಾಗದ ಬ್ಯಾಂಕಿನವರ ಮೇಜಿನ ಮೇಲಿರುತ್ತದೆ. ವಾಹನ ನಿಜವಾಗಿ ಗಳಿಸಿದ್ದೆಷ್ಟು, ದುರಸ್ತಿಗೆ ಹೋದದ್ದೆಷ್ಟು ಎಂದು ತೋರಿಸಲು ಒಂದು ನೋಟುಬುಕ್ಕೂ ಇಲ್ಲ. ಅವನು ಖಾಸಗಿ ಹಣಕಾಸಿನವರ ಬಾಗಿಲಿಗೆ ಹೋಗಿ ದುಬಾರಿ ಬಡ್ಡಿಗೆ ಒಪ್ಪುತ್ತಾನೆ, ಅಥವಾ ಹಳೆಯ ಲಾರಿಗೆ ಇನ್ನೊಂದು ಪದರ ಪುಟ್ಟಿ ಮೆತ್ತುತ್ತಾನೆ. ನನ್ನ ಕಕ್ಷಿದಾರರಲ್ಲಿ ವಾಹನಕ್ಕೊಂದರಂತೆ ದುರಸ್ತಿ ಪುಸ್ತಕ ಇಟ್ಟವರು ಬೆರಳೆಣಿಕೆಯವರು. ವಾಹನವನ್ನು ಯಾವಾಗ ಕೈಬಿಡಬೇಕೆಂಬ ತೀರ್ಮಾನವನ್ನು ಊಹೆಯಿಂದಲ್ಲದೆ ಅಂಕಿಯಿಂದ ತೆಗೆದುಕೊಂಡವರೂ ಅವರೇ. ಹಿಂದಿನ ಮೂರು ವರ್ಷಗಳ ದುರಸ್ತಿಯನ್ನು ಸಾಲಾಗಿ ಬರೆದಾಗ ಅದು ವರ್ಷ ವರ್ಷ ಏರುತ್ತಾ ಹೊಸ ವಾಹನದ ಸಾಲದ ಕಂತಿನ ಹತ್ತಿರ ಹತ್ತಿರ ಬರುತ್ತಿದ್ದರೆ ಉತ್ತರ ಕಣ್ಣ ಮುಂದೆಯೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿ.ಎಸ್‌.ಟಿ. ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಈ ಲೆಕ್ಕವನ್ನು ಎಲ್ಲರೂ ಹೊಸದಾಗಿ ಹಾಕಿ ನೋಡಬೇಕು.

ವಿಮೆಯನ್ನು ನಂಬಿ ಕುಳಿತವರಿಗೆ ಒಂದು ಮಾತು: ಸವೆತ, ತುಕ್ಕುಗಳ ನಷ್ಟ ವಾಹನ ವಿಮೆಯಲ್ಲಿ ಸೇರಿಲ್ಲ. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷವೂ ಅರ್ಹತಾ ಪ್ರಮಾಣಪತ್ರ ಬೇಕು. ಅದಿಲ್ಲದ ವಾಹನವನ್ನು ನೋಂದಣಿಯಾಗಿದ್ದರೂ ಸರಿಯಾದ ನೋಂದಣಿಯುಳ್ಳದ್ದೆಂದು ಕಾಯಿದೆ ಪರಿಗಣಿಸುವುದಿಲ್ಲ. ಅಪಘಾತವಾದಾಗ ವಿಮಾ ಸಂಸ್ಥೆ ಮೊದಲು ಕೇಳುವ ಕಾಗದ ಅದು.

ಸರ್ಕಾರದ ಧೋರಣೆಯ ಬಗೆಗೂ ತಕರಾರಿದೆ. 2021ರ ಗುಜರಿ ನೀತಿಯ ಉದ್ದೇಶ ಒಳ್ಳೆಯದು. ಹಳೆಯ ವಾಹನ ಒಪ್ಪಿಸಿದವರಿಗೆ ಹೊಸ ವಾಹನದ ಬೆಲೆಯ ಶೇ. 4ರಿಂದ 6ರಷ್ಟು ಗುಜರಿ ಮೌಲ್ಯ, ಸಾರಿಗೆ ವಾಹನಕ್ಕೆ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿಯ ಅವಕಾಶ ಅದರಲ್ಲಿದೆ. ಆದರೆ 2022ರಿಂದ ಹಳೆಯ ವಾಹನಗಳ ಅರ್ಹತಾ ಪರೀಕ್ಷೆಯ ಶುಲ್ಕವನ್ನು ವಯಸ್ಸಿಗೆ ಅನುಗುಣವಾಗಿ ಏರಿಸಿದ ಕ್ರಮ ಬೇರೆಯೇ ಮಾತು. ಹದಿನಾರು ವರ್ಷದ, ಒಳಗೂ ಹೊರಗೂ ಚೊಕ್ಕಟವಾಗಿ ಕಾಪಾಡಿದ ಲಾರಿಯೂ, ಪುಟ್ಟಿಯ ಮೇಲೆ ನಿಂತ ಲಾರಿಯೂ ಒಂದೇ ಶುಲ್ಕ ತೆರುತ್ತವೆ. ಒಮ್ಮೆ ಹೆಚ್ಚಿನ ಶುಲ್ಕ ತೆತ್ತವನು ಮುಂದಿನ ದುರಸ್ತಿಗೆ ಕೈ ಹಿಡಿಯುತ್ತಾನೆ. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ತಳವನ್ನು ಸುತ್ತಿಗೆಯಿಂದ ತಟ್ಟಿಯೇ ನೋಡಲಿ. ಗೆದ್ದ ವಾಹನಕ್ಕೆ ವಯಸ್ಸಿನ ದಂಡ ಬೇಡ.

ನಮ್ಮ ಸಂಘವು ದೆಹಲಿಗೆ ಮನವಿ ಕಳುಹಿಸುವುದರ ಜೊತೆಗೆ ಇಲ್ಲಿಯೇ ಮಾಡಬಹುದಾದ ಕೆಲಸವೂ ಇದೆ. ಮೀನುಗಾರಿಕಾ ಬಂದರಿನ ಬಳಿ ಎಂಟು ಹತ್ತು ಲಾರಿ ನಿಲ್ಲುವ ಒಂದು ಎತ್ತರದ ಸೂರು, ಕಾಂಕ್ರೀಟಿನ ನೆಲ, ಸಿಹಿನೀರಿನಿಂದ ಅಡಿಭಾಗ ತೊಳೆಯುವ ಪಂಪು, ತೊಳೆದ ನೀರಿನ ಎಣ್ಣೆಯನ್ನು ಬೇರ್ಪಡಿಸುವ ಗುಂಡಿ, ಬೆಸುಗೆಗೆ ವಿದ್ಯುತ್ ಸಂಪರ್ಕ. ದಿನದ ಬಾಡಿಗೆಗೆ ಒಡೆಯರು ತಮ್ಮ ಕೈಯಿಂದಲೇ, ತಮ್ಮ ವೆಲ್ಡರನಿಂದಲೇ ಕೆಲಸ ಮಾಡಿಕೊಳ್ಳಲಿ. ಮೀನಿನ ಕಾಲದಲ್ಲಿ ಅದೇ ಜಾಗ ದಿನನಿತ್ಯದ ತೊಳೆಯುವಿಕೆಗೆ ಒದಗುತ್ತದೆ. ಜಾಗಕ್ಕಾಗಿ ಬಂದರು ಇಲಾಖೆಯನ್ನೂ ನಗರ ಸ್ಥಳೀಯ ಸಂಸ್ಥೆಯನ್ನೂ ಕೇಳಬೇಕಾಗುತ್ತದೆ. ಮಿಕ್ಕ ವೆಚ್ಚವನ್ನು ಸದಸ್ಯರ ವಂತಿಗೆಯಿಂದಲೂ ಬ್ಯಾಂಕ್ ಸಾಲದಿಂದಲೂ ಹೊಂದಿಸಬಹುದೇ ಎಂಬುದರ ಅಂದಾಜು ಪಟ್ಟಿಯನ್ನು ತಯಾರಿಸಿಕೊಡಲು ನಾನು ಸಿದ್ಧನಿದ್ದೇನೆ. ಕಾರ್ಯಕಾರಿ ಸಮಿತಿಯ ಸಾರಿಗೆ ಉಪಸಮಿತಿಯು ಈ ವಿಷಯವನ್ನು ಮುಂದಿನ ನಿಷೇಧದ ಅವಧಿ ಆರಂಭವಾಗುವುದಕ್ಕೆ ಮೂರು ತಿಂಗಳ ಮುಂಚೆಯಾದರೂ ಕೈಗೆತ್ತಿಕೊಂಡರೆ, ಆ ಜೂನ್ ತಿಂಗಳಲ್ಲಿ ಕೆಲವು ಲಾರಿಗಳಾದರೂ ಟಾರ್ಪಾಲಿನ ಬದಲು ಸೂರಿನ ಕೆಳಗೆ ನಿಂತಾವು.